ತೃಪ್ತಿ ಇಲ್ಲ ಅಂದ ದೊರೆಯ ಊರಿನಲ್ಲಿ

ಶ್ರೀನಗರ, ಹೊರಡುವ ಮುಂಚೆ

ನನ್ನದು ಬೆಕ್ಕಿನ ಕಣ್ಣು. ಮೈಬಣ್ಣವೂ ಸ್ವಲ್ಪ ಬಿಳುಪು. ಇವೆರಡೇ ಕಾರಣಕ್ಕೆ ಮೂವತ್ತು ಚಿಲ್ಲರೆ ವರ್ಷದಿಂದ ನಮ್ಮ ಹವ್ಯಾಸಿ ತಂಡದ ಯಾವ ನಾಟಕದಲ್ಲಿ ಬ್ರಿಟಿಷ್ ದೊರೆ ಬಂದರೂ ಅದು ನಾನೇ. ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ರಿಟೈರ್ ಆದವನು. ಹೆಸರು ಶ್ರೀನಿವಾಸಮೂರ್ತಿ. ಶ್ರೀನಗರದಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸಲ್ಲ. ‘ದೊರೆ ಸೀನಣ್ಣ’ ಅನ್ನಿ, ತರಕಾರಿ ಗಾಡಿಯವನೂ ತೋರಿಸ್ತಾನೆ.

ನಮ್ಮ ನಾಟಕದ ದೊರೆ ಹೇಗೆ ಮಾತಾಡ್ತಾನೆ ಅಂತ ನಿಮಗೆ ಗೊತ್ತೇ ಇದೆ. ಅವನಿಗೆ ‘ತ’ ಬರಲ್ಲ, ‘ಟ’ ಅಂತಾನೆ. ‘ದ’ ಬರಲ್ಲ, ‘ಡ’ ಅಂತಾನೆ. “ನಾನೂ ನಿಮ್ಮಾ ಟೋಟಾ ನೋಡೋಕೆ ಬಂಡಿಡ್ಡೀನಿ” ಅಂದರೆ ಸಾಕು, ಮುಂದಿನ ಸಾಲಿನ ಮಕ್ಕಳಿಂದ ಹಿಂದಿನ ಸಾಲಿನ ಅಜ್ಜಿಯರವರೆಗೆ ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಆ ನಗುವಿಗೆ ನಾನು ಯಾವತ್ತೂ ನಾಚಿಕೊಂಡಿಲ್ಲ, ಈಗಲೂ ನಾಚಿಕೊಳ್ಳಲ್ಲ. ನಮ್ಮನ್ನು ಆಳಿದವರನ್ನು ನೋಡಿ ನಗೋದು ನಮ್ಮ ಹಕ್ಕು.

ಹೋದ ವರ್ಷ ಇಂಗ್ಲೆಂಡಿನ ಒಂದು ಪುಟ್ಟ ಊರಿನ ಕನ್ನಡ ಸಂಘದಿಂದ ಕರೆ ಬಂತು. ಅದರ ಅಧ್ಯಕ್ಷ ರಂಗನಾಥ್ ಮೂಲತಃ ಸುದ್ದಗುಂಟೆಪಾಳ್ಯದವರು, ಅಲ್ಲಿ ಹಲ್ಲಿನ ಡಾಕ್ಟರು. ಅವರ ಊರಿನ ನಡುವೆ ಒಂದು ದೊಡ್ಡ ಮೈದಾನ ಇದೆಯಂತೆ, ಇವರ ಯುಗಾದಿ ಊಟ ಪ್ರತಿ ವರ್ಷ ಅಲ್ಲೇ. ಆ ಮೈದಾನ ಉಳಿದಿರೋದು ಒಬ್ಬ ಲಾರ್ಡ್ ಸಾಹೇಬರಿಂದ, ಅವರ ಬದುಕನ್ನೇ ಕನ್ನಡದಲ್ಲಿ ನಾಟಕ ಮಾಡಿ ತನ್ನಿ, ಖರ್ಚು ನಮ್ಮದು ಅಂದರು. ನಮ್ಮ ನಿರ್ದೇಶಕಿ ಶ್ವೇತಾ ಮೂರೇ ವಾರದಲ್ಲಿ ಬರೆದು ಕೈಗಿಟ್ಟಳು. ಈ ಹುಡುಗಿ ತಂಡಕ್ಕೆ ಬಂದ ಮೇಲೆ ಸಂಭಾವನೆ ಇಲ್ಲದಿದ್ದರೂ ಶಿಸ್ತು ಬಂದಿದೆ. ಕೋಣನಕುಂಟೆಯ ರಿಹರ್ಸಲ್ ರೂಮಿನಲ್ಲಿ ಅವಳು ನನಗೆ ನೇರವಾಗಿ ಹೇಳಿದಳು.

“ಅಂಕಲ್, ಅಲ್ಲಿ ಜನ ನಗಬೇಕು. ನಕ್ಕರೆ ಬೆಂಗಳೂರಿನ ಷೋಗಳಿಗೂ ನೀವೇ. ನಗಲಿಲ್ಲ ಅಂದ್ರೆ ನಾನು ಬೇರೆಯವರನ್ನ ಹಾಕ್ಕೋತೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡ್ಕೊಂಡೆ. ದೊರೆಯ ಪಾತ್ರ ಹೋದರೆ ಈ ವಯಸ್ಸಿನಲ್ಲಿ ನನಗೆ ಉಳಿದಿರೋದು ಗೋಡೆ ಮೇಲೆ ಹಾರ ಹಾಕಿದ ಫೋಟೋದ ಪಾತ್ರ ಒಂದೇ. ಮನೆಗೆ ಬಂದು ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ನಮ್ಮ ತಂಡದ ವಸ್ತ್ರಾಲಂಕಾರ ನೋಡ್ಕೊಳ್ಳೋಳು, ಆದ್ದರಿಂದ ಅವಳಿಗೂ ಟಿಕೆಟ್ ಇತ್ತು. ನನ್ನ ಹೊಂಬಣ್ಣದ ವಿಗ್ಗನ್ನು ಶಾಂಪೂ ಹಾಕಿ ತೊಳೆದು, ಬಟ್ಟೆ ತಂತಿಗೆ ಕ್ಲಿಪ್ ಹಾಕುತ್ತಾ, ಮೊದಲು ಹೋಗಿ ಬರೋಣ ನಡೀರಿ ಅಂದಳು.

ಏರ್‌ಪೋರ್ಟು

ಅಲ್ಲಿಳಿದಾಗ ನನ್ನ ಮೊದಲ ತೊಂದರೆ ಆ ವಿಗ್ಗೇ. ಬ್ಯಾಗಿನ ಒಳಗೆ ಏನೋ ಕೂದಲಿನ ಪ್ರಾಣಿ ಇದೆ ಅಂತ ಅಧಿಕಾರಿಗೆ ಅನುಮಾನ ಬಂದು, ತೆಗೆಸಿ ಮೇಜಿನ ಮೇಲೆ ಇಡಿಸಿದ. ನಮ್ಮ ದೇಶಕ್ಕೆ ಯಾಕೆ ಬಂದಿದ್ದೀರಿ ಅಂದ. ಗಾಬರಿಯಲ್ಲಿ ನಾನು “ಲಾರ್ಡ್ ಆಗೋದಕ್ಕೆ” ಅಂದುಬಿಟ್ಟೆ. ಅವನು ನನ್ನ ಮುಖ ನೋಡಿದ, ವಿಗ್ಗು ನೋಡಿದ. ಆಮೇಲೆ ಒಂದೊಂದೇ ಪದವನ್ನು ಅಗಲವಾಗಿ ಬಿಡಿಸಿ, ಕಿವುಡರ ಹತ್ತಿರ ಮಾತಾಡೋ ಹಾಗೆ ಜೋರಾಗಿ ಮತ್ತೆ ಕೇಳಿದ. ನನಗೆ ಇಂಗ್ಲಿಷ್ ಬರುತ್ತೆ ಸ್ವಾಮಿ, ಕಾರ್ಖಾನೆಯ ಕರೆಸ್ಪಾಂಡೆನ್ಸ್ ಪೂರ್ತಿ ನಾನೇ ನೋಡಿದ್ದು ಅಂತ ಹೇಳೋಣ ಅನ್ನಿಸಿತು. ಶ್ವೇತಾ ಮುಂದೆ ಬಂದು ನಾಟಕದ ಕಾಗದ ತೋರಿಸಿದಳು, ಬಿಟ್ಟರು.

ಅಲ್ಲಿಂದ ಮುಂದೆ ಹೋದಲ್ಲೆಲ್ಲ ಅದೇ ಕಥೆ. ಬಸ್ಸಿನವನು, ಕಾಫಿ ಅಂಗಡಿಯ ಹುಡುಗಿ, ಎಲ್ಲರೂ ಸರೋಜಳ ಸೀರೆ ನೋಡಿದ ತಕ್ಷಣ ಗಂಟಲು ಏರಿಸಿ, ಪದಗಳನ್ನು ತುಂಡು ತುಂಡು ಮಾಡಿ ಕೊಡ್ತಿದ್ದರು. ಕೆಟ್ಟವರಲ್ಲ, ಪಾಪ, ನಗ್ತಾನೇ ಮಾತಾಡ್ತಿದ್ದರು. ಆದರೆ ನನಗೆ ಮೈ ಉರೀತಿತ್ತು. ಇವರ ಲೆಕ್ಕದಲ್ಲಿ ನಾವಿಬ್ಬರೂ ನಾಟಕದ ಪಾತ್ರ ಅಂತ ಸರೋಜಳಿಗೆ ಹೇಳಿದೆ. ಅವಳು, ನಿಮಗಾದರೂ ಅಭ್ಯಾಸ ಇದೆ, ನನಗೆ ಇದೇ ಮೊದಲು ಅಂದಳು.

ರಂಗನಾಥ್ ಕಾರಿಗೆ ಜಾಗ ಸಿಗದೆ ತಡವಾಗಿ ಬಂದರು. ದಾರಿಯಲ್ಲಿ ಅವರು ಹೇಳಿದ ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ನಾಟಕದ ದೊರೆಗೆ ಅರಮನೆಯಲ್ಲಿ ಒಂದು ಹುದ್ದೆ ಇತ್ತು. ಕನ್ನಡದಲ್ಲಿ ಹೇಳೋದಾದರೆ ‘ಕಾದು ನಿಲ್ಲುವ ದೊರೆ’. ಬೇರೆ ದೇಶದ ರಾಜರು, ಅಧ್ಯಕ್ಷರು ಬಂದಾಗ ರಾಣಿಯ ಪರವಾಗಿ ಏರ್‌ಪೋರ್ಟಿಗೆ ಹೋಗಿ, ಗಾಳಿಯಲ್ಲಿ ಟೋಪಿ ಹಿಡಿದುಕೊಂಡು ನಿಂತು, ಬನ್ನಿ ಅನ್ನಬೇಕು. ಅವರು ಹೊರಟಾಗ ಮತ್ತೆ ಹೋಗಿ, ಹೋಗಿ ಬನ್ನಿ ಅನ್ನಬೇಕು. ಅಷ್ಟು ದೊಡ್ಡ ಮನೆತನದವನು ಮಾಡ್ತಿದ್ದದ್ದು, ನಮ್ಮ ಮದುವೆ ಮನೆಯಲ್ಲಿ ಬಾಗಿಲಿಗೆ ನಿಂತು ಪನ್ನೀರು ಚಿಮುಕಿಸ್ತಾರಲ್ಲ, ಆ ಕೆಲಸ. ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಸ್ವಲ್ಪ ಪ್ರೀತಿ ಹುಟ್ಟಿತು.

ದೊರೆಯ ಮನೆ

ದೊರೆ ತೀರಿಕೊಂಡು ಬಹಳ ಕಾಲವಾಗಿದೆ. ಹೆಸರು ಬರೀಬೇಡಿ ಅಂತ ಅವರ ಮಗಳು ಕೇಳಿಕೊಂಡಿದ್ದಾರೆ, ಬರೆಯಲ್ಲ. ಆ ಮಗಳನ್ನು ನಾವು ನಮ್ಮೊಳಗೆ ದೊರೆಸಾನಿ ಅಂತಿದ್ದೆವು. ಎಂಬತ್ತರ ಹತ್ತಿರದ ವಯಸ್ಸು. ಅಷ್ಟು ದೊಡ್ಡ ಬಂಗಲೆಯ ಬಾಗಿಲನ್ನು ತಾವೇ ಬಂದು ತೆಗೆದರು. ಮೊಣಕೈ ಹತ್ತಿರ ಸ್ವೆಟರ್ ತೂತಾಗಿತ್ತು. ಮನೆಯ ಒಳಗೆ ಹೊರಗಿಗಿಂತ ಚಳಿ. ಸೂರು ಸೋರುವ ಕಡೆಯಲ್ಲೆಲ್ಲ ಬಕೆಟ್ ಇಟ್ಟಿದ್ದರು. ಅರಮನೆ ನೋಡಕ್ಕೆ ಅಂತ ಬಂದ ಸರೋಜ ತನ್ನ ಶಾಲನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಹಜಾರದಲ್ಲಿ ಒಂದು ದೊಡ್ಡ ತಾಮ್ರದ ಪಾತ್ರೆ, ಅದರ ತುಂಬ ಛತ್ರಿಗಳು. ಕೆಳಗಿನ ಚೀಟಿಯಲ್ಲಿ ‘ಪೂರ್ವ ದೇಶದ ಪೂಜಾ ಕಲಶ’ ಅಂತ ಬರೆದಿತ್ತು. ಸರೋಜ ಬಗ್ಗಿ ನೋಡಿ, ಅಯ್ಯೋ ಇದು ನಮ್ಮ ಬಚ್ಚಲ ಹಂಡೆ ಅಲ್ವೇನ್ರೀ ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ದೊರೆಸಾನಿ ಬಾಯಿಗೆ ಕೈ ಹಿಡಿದು ನಕ್ಕರು. ಅವರ ತಾತ ಅದನ್ನು ಎಲ್ಲಿಂದ ಹೊತ್ತು ತಂದರೋ ಗೊತ್ತಿಲ್ಲ ಅಂದರು. ಕೇಳಿ ತಂದಿರಲ್ಲ ಅನ್ನೋದು ನನಗೆ ಗೊತ್ತಿತ್ತು, ಹಾಗೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಟೀ ಕೊಟ್ಟು ಅಪ್ಪನ ಬದುಕು ಹೇಳಿದರು. ಹುಡುಗನಾಗಿದ್ದಾಗ ರೇಷ್ಮೆ ಕಾಲುಚೀಲ ಹಾಕಿಕೊಂಡು ಮೆರವಣಿಗೆಯಲ್ಲಿ ರಾಜರ ನಿಲುವಂಗಿಯ ಅಂಚು ಹಿಡಿದು ನಡೆದವರು. ದೊರೆಗೆ ತಮ್ಮ ಅಪ್ಪ ಸತ್ತ ಮೇಲೆ ಮನೆ ಬಂದ ಹಾಗೇ ಪಾರ್ಲಿಮೆಂಟಿನ ಮೇಲ್ಮನೆಯ ಸೀಟೂ ಬಂತು. ವೋಟಿಲ್ಲ, ಠೇವಣಿ ಇಲ್ಲ, ಯಾರ ಕಾಲಿಗೂ ಬೀಳೋದಿಲ್ಲ. ಕನ್ಸರ್ವೇಟಿವ್ ಪಕ್ಷದವರು, ಹೊಸದು ಯಾವುದೇ ಬಂದರೂ ಬೇಡ ಅನ್ನೋ ಸ್ವಭಾವ. ಹೆಣ್ಣುಮಕ್ಕಳಿಗೆ ಓದು ಯಾಕೆ ಅಂತ ಮಗಳನ್ನು ಕಾಲೇಜಿಗೂ ಕಳಿಸಲಿಲ್ಲ. ಇದನ್ನು ಹೇಳುವಾಗ ದೊರೆಸಾನಿಯ ದನಿ ಗಟ್ಟಿಯಾಯಿತು. ಅಪ್ಪನನ್ನು ದೇವರು ಮಾಡಬೇಡಿ, ಅವನು ದೇವರಾಗಿರಲಿಲ್ಲ ಅಂದರು.

ರಾಣಿಯ ಮುಂದಿನಿಂದ ಹೊರಡುವಾಗ ಬೆನ್ನು ತೋರಿಸೋ ಹಾಗಿಲ್ಲ, ಹಿಂದೆ ಹಿಂದೆ ಹೆಜ್ಜೆ ಇಡುತ್ತಲೇ ಬಾಗಿಲು ಸೇರಬೇಕು. ದೊರೆ ಅದನ್ನು ಮನೆಯ ಪಡಸಾಲೆಯಲ್ಲಿ ಅಭ್ಯಾಸ ಮಾಡ್ತಿದ್ದರಂತೆ. ದೊರೆಸಾನಿ ಎದ್ದು ಮಾಡಿ ತೋರಿಸಿದರು, ಸಖತ್ತಾಗಿ ಮಾಡಿದರು. ನಾನೂ ಎದ್ದು ಮಾಡಿದೆ. ನಾಲ್ಕು ಹೆಜ್ಜೆ ಚೆನ್ನಾಗೇ ಹೋಯ್ತು, ಐದನೆಯದು ಬಕೆಟ್ಟಿನೊಳಗೆ. ಗರ್ಭಗುಡಿಯಿಂದ ನಾವೂ ಹೀಗೇ ಬರೋದು, ಆದರೆ ಅಲ್ಲಿ ಬಕೆಟ್ ಇರಲ್ಲ ಅಂತ ಸರೋಜ ನನ್ನ ಪ್ಯಾಂಟು ಹಿಂಡಿಕೊಟ್ಟಳು.

ಆಮೇಲೆ ಮೈದಾನದ ಕಥೆ. ಊರೊಟ್ಟಿನ ಇಂಥ ಜಾಗಗಳನ್ನು ಮಾರೋದನ್ನು ಸಲೀಸು ಮಾಡುವ ಒಂದು ಕಾನೂನು ದೊರೆಯ ಪಕ್ಷವೇ ತಂದಿತು. ದೊರೆ ಅರಮನೆಯ ಕೆಲಸದ ಜೊತೆಗೆ ಪಕ್ಷದ ಸಚೇತಕರೂ ಆಗಿದ್ದರು, ಅಂದರೆ ಮಿಕ್ಕವರನ್ನು ಒಟ್ಟುಗೂಡಿಸಿ ವೋಟು ಹಾಕಿಸೋದು ಅವರದೇ ಕೆಲಸ. ಆ ಸಭೆಯಲ್ಲಿ ವೋಟಿಗೆ ಹೌದು, ಇಲ್ಲ ಅನ್ನಲ್ಲವಂತೆ. ‘ಕಂಟೆಂಟ್’ ಅಥವಾ ‘ನಾಟ್ ಕಂಟೆಂಟ್’ ಅಂತಾರಂತೆ. ಎಲ್ಲರನ್ನೂ ಕರೆದು ಕೂರಿಸಬೇಕಾಗಿದ್ದ ಮನುಷ್ಯನೇ ಎದ್ದು ‘ನಾಟ್ ಕಂಟೆಂಟ್’ ಅಂದುಬಿಟ್ಟರು. ಪಕ್ಷದ ಹುದ್ದೆ ಹೋಯ್ತು, ಅರಮನೆಯ ಹುದ್ದೆ ಹೋಯ್ತು, ಆ ಕಡೆಯಿಂದ ಮತ್ತೆ ಕರೆ ಬರಲಿಲ್ಲ. ಕಾನೂನು ಪಾಸಾಯ್ತು. ಆದರೆ ಈ ಊರಿನ ಮೈದಾನ ಮಾರುವ ಮಾತು ಬಂದಾಗಲೆಲ್ಲ ದೊರೆ ಊರ ಸಭೆಗೆ ಹೋಗಿ ಅದೇ ಮಾತು ಹೇಳಿ ಕೂತರು. ಅವರು ಇರೋವರೆಗೂ ಮಾರಕ್ಕಾಗಲಿಲ್ಲ, ಆಮೇಲೆ ಮಾರೋ ಧೈರ್ಯ ಯಾರಿಗೂ ಬರಲಿಲ್ಲ.

ಶ್ವೇತಾ ನಾಟಕದಲ್ಲಿ ಆ ಮಾತಿಗೆ ‘ನಾನೂ ಒಪ್ಪೋಡಿಲ್ಲಾ’ ಅಂತ ಬರೆದಿದ್ದಳು. ಕಂಟೆಂಟ್ ಅಂದರೆ ಏನ್ರೀ ಅಂತ ಸರೋಜ ಕೇಳಿದಳು. ಸಮಾಧಾನ, ಸಂತೋಷ, ತೃಪ್ತಿ ಅಂದೆ.

“ತೃಪ್ತಿನಾ? ಊಟ ಆದ್ಮೇಲೆ ಕೇಳ್ತಾರಲ್ಲ, ಅದು?” ಅಂದಳು. ಟೀ ಕಪ್ಪು ಕೆಳಗಿಟ್ಟು, “ತೃಪ್ತಿ ಇಲ್ಲ ಅಂತ ಅಂದವರನ್ನ ನಾನು ನೋಡೇ ಇಲ್ಲ” ಅಂದಳು.

ಮೈದಾನ

ಮಾರನೆಯ ದಿನ ಮೈದಾನಕ್ಕೆ ಹೋದೆವು. ನೋಡಕ್ಕೆ ಏನೂ ಇಲ್ಲ. ಹುಲ್ಲು, ನಾಯಿ ಬಿಟ್ಟುಕೊಂಡು ಓಡಾಡೋರು, ಚೆಂಡು ಒದೆಯೋ ಹುಡುಗರು, ಅಲ್ಲಲ್ಲಿ ನಾಲ್ಕು ಹಸು. ಬೇಲಿ ಇಲ್ಲ, ಗೇಟಿಲ್ಲ, ಬೆಳಿಗ್ಗೆ ಎಷ್ಟರಿಂದ ಎಷ್ಟರವರೆಗೆ ಅಂತ ಬೋರ್ಡಿಲ್ಲ. ನಮ್ಮ ಜಯನಗರದ ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಕಾಲಿಟ್ಟರೆ ಸೀಟಿ ಊದ್ತಾರೆ. ಇಲ್ಲಿ ಹಸುವಿಗೇ ಹಕ್ಕಿದೆ ಅಂತ ರಂಗನಾಥ್ ಹೆಮ್ಮೆಯಿಂದ ಹೇಳ್ತಿದ್ದರು.

ಸರೋಜ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತಳು. ಆ ಚಳಿಯಲ್ಲಿ! ಕಾಲು ಮರಗಟ್ಟುತ್ತೆ ಹಾಕ್ಕೊಳ್ಳೇ ಅಂದೆ, ಕೇಳಲಿಲ್ಲ. ಅವಳು ಹುಟ್ಟಿದ್ದು ಕೋಣನಕುಂಟೆಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ಅವರಪ್ಪನ ದನ ಮೇಯ್ತಿದ್ದ ಗೋಮಾಳ ಈಗ ಯಾವ ಅಪಾರ್ಟ್‌ಮೆಂಟಿನ ಕೆಳಗಿದೆ ಅಂತ ಅವಳಿಗೂ ಗೊತ್ತಿಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಅದರ ಮಾತೆತ್ತಿದ್ದೇ ಕಡಿಮೆ. ಅವತ್ತು ಎತ್ತಿದಳು.

“ಒಂದಿನ ಬೆಳಿಗ್ಗೆ ತಂತಿ ಬೇಲಿ ಹಾಕಿದ್ರು. ನಮ್ಮಪ್ಪ ದನ ಹೊಡ್ಕೊಂಡು ಹೋದೋರು ಹಾಗೇ ತಿರುಗಿಸ್ಕೊಂಡು ಬಂದ್ರು. ನಿಂಗೆ ತೃಪ್ತಿನೇನಪ್ಪ ಅಂತ ನಮ್ಮಪ್ಪನ್ನ ಯಾರೂ ಕೇಳ್ಲೇ ಇಲ್ಲ ಕಣ್ರೀ.”

ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಆ ದೊರೆಯನ್ನು ನಾನು ‘ಟ’, ‘ಡ’ ಅಂತ ತೊದಲಿಸಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ.

ಹಾಲ್‌ನಲ್ಲಿ ರಿಹರ್ಸಲ್

ಶ್ವೇತಾಗೆ ಹೇಳಿದೆ. ಅವಳು ಪ್ರಾಂಪ್ಟ್ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. ತೃಪ್ತಿ ಅನ್ನೋ ಪದ ಅವಳಿಗೆ ತುಂಬ ಹಿಡಿಸಿತು, ಅದನ್ನು ಹಾಕೋಣ ಅಂದಳು. ಆದರೆ ದೊರೆ ಸ್ವಚ್ಛ ಕನ್ನಡ ಮಾತಾಡಿದರೆ ಆಗಲ್ಲ ಅಂದಳು.

“ಇಂಗ್ಲೆಂಡಿನ ಲಾರ್ಡು ಶ್ರೀನಗರದ ಕನ್ನಡ ಮಾತಾಡಿದ್ರೆ ಯಾರು ನಂಬ್ತಾರೆ ಅಂಕಲ್?”

“ಅವನು ಅವನ ಸಭೆಯಲ್ಲಿ ಅವನ ಭಾಷೆ ಆಡ್ತಿದ್ದಾನಮ್ಮ. ಅದು ನಮಗೆ ಕನ್ನಡದಲ್ಲಿ ಕೇಳಿಸ್ತಾ ಇದೆ, ಅಷ್ಟೇ. ತನ್ನ ಮನೇಲಿ ಯಾರು ತೊದಲ್ತಾರೆ?”

ಅವಳ ಮಾತಲ್ಲೂ ನ್ಯಾಯ ಇತ್ತು, ಇಲ್ಲ ಅನ್ನಲ್ಲ. ಸಂಘದ ಜನ ವಾರವಿಡೀ ದುಡಿದು ಸುಸ್ತಾಗಿ ಬರ್ತಾರೆ, ನಗಿಸದಿದ್ದರೆ ಅರ್ಧಕ್ಕೇ ಊಟದ ಕಡೆ ಎದ್ದು ಹೋಗ್ತಾರೆ, ಮುಂದಿನ ಸಲ ಕರೆಯಲ್ಲ ಅಂದಳು. ನಗದಿದ್ದರೆ ಪಾತ್ರ ಬೇರೆಯವರಿಗೆ ಅಂದದ್ದು ನೆನಪಿದೆಯಲ್ಲ ಅಂತಲೂ ಕೇಳಿದಳು. ನೆನಪಿದೆ ಅಂದೆ. ನಮ್ಮ ಮೇಲೆ ದರ್ಬಾರು ಮಾಡಿದ ದೊರೆ ಬರಲಿ, ನಾಳೆಯೇ ತೊದಲಿಸ್ತೀನಿ, ಇವನನ್ನು ಮಾತ್ರ ಇಲ್ಲ ಅಂದೆ. ಅವಳು ಎದ್ದು ಲೈಟಿನವರ ಹತ್ತಿರ ಹೋದಳು. ಸರೋಜ ನನ್ನ ಕೋಟಿನ ಗುಂಡಿ ಹೊಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು.

ನಾಟಕದ ದಿನ

ದೊರೆಸಾನಿ ಮುಂದಿನ ಸಾಲಿನಲ್ಲಿ ಕೂತಿದ್ದರು, ಅದೇ ತೂತಿನ ಸ್ವೆಟರಿನ ಮೇಲೆ ಮುತ್ತಿನ ಸರ ಹಾಕಿಕೊಂಡು. ನಾನು ಹೊಂಬಣ್ಣದ ವಿಗ್ಗಿನಲ್ಲಿ ಬಂದಾಗಲೇ ಹಾಲ್‌ನಲ್ಲಿ ನಗೋದಕ್ಕೆ ತಯಾರಾದ ಸದ್ದು ಬಂತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ಅದರ ಮೇಲೇ ಬದುಕಿದ್ದೀನಿ. ಮೊದಲ ಮಾತು ಸ್ವಚ್ಛವಾಗಿ ಹೇಳಿದೆ. ನಗು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ಇಬ್ಬರು ಮೂವರು ಎದ್ದು ಹೋಗಿದ್ದೂ ಕಂಡಿತು. ಈಗಲೂ ಒಂದು ‘ಟ’ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ನಾಲಿಗೆ ಒಂದೇ ಸಮನೆ ಎಳೀತಿತ್ತು. ಹಾಕಲಿಲ್ಲ.

ವೋಟಿನ ದೃಶ್ಯ ಬಂತು. ಸಭಾಧ್ಯಕ್ಷ ಕೇಳಿದ. ನಾನು ಎದ್ದು ನಿಂತೆ, ಸರೋಜಳ ಅಪ್ಪನ ಮುಖ ಕಣ್ಣ ಮುಂದೆ ಬಂತು, ದನ ತಿರುಗಿಸಿಕೊಂಡು ಬರುವ ಮುಖ.

“ನನಗೆ ತೃಪ್ತಿ ಇಲ್ಲ.”

ಆಮೇಲೆ ರಾಣಿಯ ಮುಂದಿನಿಂದ ಹೊರಡೋ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೋಗಬೇಕಾಗಿತ್ತು, ಹಾಗೇ ಬರೆದಿತ್ತು. ನಾನು ಬೆನ್ನು ತಿರುಗಿಸಿ ಸೀದಾ ನಡೆದು ಒಳಗೆ ಹೋದೆ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು ಅಂತ ನಮಗೆ ಮೊದಲ ದಿನವೇ ಕಲಿಸಿದ್ದರು. ಅವತ್ತು ತೋರಿಸಿದೆ. ಚಪ್ಪಾಳೆ ಬಂತು, ಮರ್ಯಾದೆಗೆ ಹೊಡೆಯೋ ಚಪ್ಪಾಳೆ.

ಮೇಕಪ್ ರೂಮಿನಲ್ಲಿ ಶ್ವೇತಾ ಕಣ್ಣಲ್ಲಿ ನೀರು ತಂದುಕೊಂಡು, ನನ್ನ ನಾಟಕ ಹಾಳು ಮಾಡಿದ್ರಿ ಅಂಕಲ್ ಅಂದಳು. ಅಷ್ಟರಲ್ಲಿ ಬಾಗಿಲಲ್ಲಿ ದೊರೆಸಾನಿ. ಅವರಿಗೆ ಒಂದಕ್ಷರ ಕನ್ನಡ ಬರಲ್ಲ. ನೀವು ‘ನಾಟ್ ಕಂಟೆಂಟ್’ ಅಂದದ್ದು ಮಾತ್ರ ನನಗೆ ಗೊತ್ತಾಯ್ತು, ಅಪ್ಪ ನಿಂತ ಹಾಗೇ ನಿಂತಿದ್ದಿರಿ, ಅದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಅನ್ನೋದು ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಅವರು ತುಟಿ ನೋಡಿಕೊಂಡು, ಕಷ್ಟಪಟ್ಟು, ನಿಧಾನವಾಗಿ ಹೇಳಿದರು.

“ಟ್ರುಪ್ಟಿ ಇಲ್ಲಾ.”

ಥೇಟ್ ನಮ್ಮ ನಾಟಕದ ದೊರೆಯ ಕನ್ನಡ. ನಾನು ಮೂವತ್ತು ವರ್ಷ ಜನರನ್ನು ನಗಿಸಿದ ಕನ್ನಡ. ರೂಮಿನಲ್ಲಿ ಒಬ್ಬರೂ ನಗಲಿಲ್ಲ. ಅವರ ಕಣ್ಣು ತುಂಬಿತ್ತು. ಶ್ವೇತಾ ತನ್ನ ಕುರ್ಚಿ ಅವರಿಗೆ ಕೊಟ್ಟಳು.

ಮತ್ತೆ ಇಲ್ಲಿ

ಬೆಂಗಳೂರಿಗೆ ಬಂದ ಮೇಲೆ ಶ್ವೇತಾ ಮನೆಗೇ ಬಂದು, ಒಂದೇ ಒಂದು ದೃಶ್ಯಕ್ಕಾದರೂ ಹಳೇ ಥರ ಮಾಡ್ತೀರಾ ಅಂತ ಕೇಳಿದಳು. ಇಲ್ಲ ಅಂದೆ. ಪಾತ್ರ ಬೇರೆಯವರಿಗೆ ಹೋಯ್ತು. ಕಾಫಿ ಕುಡಿದು, ಕಾಲಿಗೆ ನಮಸ್ಕಾರ ಮಾಡಿಯೇ ಹೋದಳು. ನಾನು ಅವಳನ್ನು ಬೈಯಲ್ಲ, ನಾಟಕ ಅವಳದು.

ಬನಶಂಕರಿ ಕಡೆಯ ಒಂದು ಹಾಲ್‌ನಲ್ಲಿ ಮೊದಲ ಷೋ. ಕರೆದಿದ್ದಳು, ಇಬ್ಬರೂ ಹೋದೆವು. ಹೊಸ ನಟ ಚೆನ್ನಾಗಿಯೇ ಮಾಡಿದ, ನನ್ನ ವಿಗ್ಗೂ ಅವನಿಗೆ ಒಪ್ಪುತ್ತಿತ್ತು. ‘ಟ’ ಬಂದಲ್ಲೆಲ್ಲ ಜನ ನಕ್ಕರು. ನಾನು ಸುಮ್ಮನೆ ಕೂತಿದ್ದೆ, ದೇವರಾಣೆ ಸುಮ್ಮನೆ ಕೂತಿದ್ದೆ. ವೋಟಿನ ದೃಶ್ಯ ಬಂತು. ಅವನು ಕಣ್ಣು ಅರಳಿಸಿ, “ನನಗೇ ಟ್ರುಪ್ಟೀ ಇಲ್ಲಾ” ಅಂತ ಎಳೆದ. ಇಡೀ ಹಾಲು ಗೊಳ್ಳೆಂದಿತು.

ನಾಟಕ ನಡೆಯುವಾಗ ಕೆಳಗಿನಿಂದ ಮಾತಾಡಬಾರದು. ನಾನೇ ಎಷ್ಟೋ ಜನರನ್ನು ಅದಕ್ಕಾಗಿ ಗದರಿದ್ದೀನಿ. ಆದರೂ ಎದ್ದು ನಿಂತೆ, ಇದಕ್ಕೆ ಕ್ಷಮೆಯನ್ನೂ ಕೇಳಲ್ಲ. ಹೊಟ್ಟೆಯಿಂದ ದನಿ ಎತ್ತಿ, ಕೊನೆಯ ಸಾಲಿಗೂ ಮುಟ್ಟೋ ಹಾಗೆ ಹೇಳಿದೆ.

“ನನಗೆ ತೃಪ್ತಿ ಇಲ್ಲ.”

ನಗು ನಿಂತಿತು. ರಂಗದ ಮೇಲಿನವನು ಬೆಪ್ಪಾಗಿ ನಿಂತ. ಜನ ತಿರುಗಿ ತಿರುಗಿ ನೋಡಿದರು. ಹಿಂದಿನಿಂದ ಯಾರೋ ಕೂತ್ಕೊಳ್ಳಿ ಅಂಕಲ್ ಅಂದರು. ಪಕ್ಕದ ಕುರ್ಚಿ ಕಿರುಗುಟ್ಟಿತು. ಸರೋಜ ಯಾವತ್ತೂ ರಂಗದ ಮೇಲೆ ಬಂದವಳಲ್ಲ, ಪರದೆಯ ಹಿಂದೆಯೇ ಗುಂಡಿ ಹೊಲಿದುಕೊಂಡು ಇದ್ದವಳು. ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಪಕ್ಕದಲ್ಲಿ ನಿಂತಳು.

“ನಂಗೂ ಇಲ್ಲ” ಅಂದಳು.